ಎರಡು ನಿಮಿಷ ಸುಮ್ಮನಿದ್ದ ಬೀಗರು

ಅಲ್ ಕುಸೈಸ್, ದುಬೈ
೨೨ ನವೆಂಬರ್ ೨೦೨೪

ಪ್ರೀತಿಯ ಚಂದ್ರಮತಿ,

ನೀನು, ನಿನ್ನ ಗಂಡ, ನನ್ನ ವಾಯ್ಸ್ ಮೆಸೇಜನ್ನು ಸ್ಪೀಕರ್ ಹಾಕಿ ಕೇಳುವ ನಿನ್ನ ಅತ್ತೆ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಅತ್ತೆಯ ಕಿವಿಗೆ ಬೀಳಬಾರದೆಂದೇ ಈ ಸಲ ಕಾಗದ ಬರೆದು, ಊರಿಗೆ ಹೊರಟ ಲತೇಶನ ಕೈಯಲ್ಲಿ ಕೊಡುತ್ತಿದ್ದೇನೆ. ಉಡುಪಿಯಲ್ಲಿ ಆಡಿದ ಮಾತು ದುಬೈಗೆ ಬರಲು ವಿಮಾನ ಬೇಡ, ನಿನಗೆ ಗೊತ್ತಲ್ಲ.

ನಾನು ಆಸ್ಪತ್ರೆ ಬಿಟ್ಟು ಹೋಮ್ ನರ್ಸ್ ಆದೆನಲ್ಲ, ಈಗ ಜುಮೇರಾದ ಒಂದು ವಿಲ್ಲಾದಲ್ಲಿ ಡ್ಯೂಟಿ. ಪೇಷಂಟ್ ವಾಲ್ಟರ್ ಎಂಬ ಕೆನಡಾದ ಮುದುಕರು. ಸೊಂಟದ ಆಪರೇಷನ್ ಆಗಿ ವೀಲ್‌ಚೇರಿನಲ್ಲಿದ್ದಾರೆ. ಹತ್ತೊಂಬತ್ತರ ಪ್ರಾಯದಲ್ಲಿ ಗಡಿ ದಾಟಿ, ಅಮೆರಿಕದ ಸೈನ್ಯ ಸೇರಿ, ವಿಯೆಟ್ನಾಂನಲ್ಲಿ ಯುದ್ಧ ಮಾಡಿದವರು. ಅದು ಕೆನಡಾದ ಯುದ್ಧವೇ ಅಲ್ಲ. ಮದುವೆಗೆ ಕರೆಯದೆ ಹೋಗುವವರನ್ನು ನಾವು ನೋಡಿದ್ದೇವೆ, ಯುದ್ಧಕ್ಕೆ ಕರೆಯದೆ ಹೋದವರನ್ನು ನಾನು ನೋಡಿದ್ದು ಇದೇ ಮೊದಲು.

ಅದೇ ಮನೆಯಲ್ಲಿ ಅವರ ಮಗಳು ಸುಸನ್‌ಳ ಮಾವ ಗ್ಯಾರಿಯೂ ಇದ್ದಾರೆ. ಅವರು ಹುಟ್ಟಿನಿಂದ ಅಮೆರಿಕದವರು. ಅದೇ ಯುದ್ಧಕ್ಕೆ ಸರ್ಕಾರ ಕರೆದಾಗ ಅದೇ ಗಡಿಯನ್ನು ಆಚೆಯಿಂದ ದಾಟಿ ಕೆನಡಾಕ್ಕೆ ಓಡಿಬಂದು, ಅಲ್ಲಿಯ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಮಕ್ಕಳು ಪ್ರೀತಿಸಿ ಮದುವೆಯಾಗಿ ದುಬೈಯಲ್ಲಿ ಮನೆ ಮಾಡಿದ್ದಾರೆ. ಚಳಿಗಾಲ ಬಂತೆಂದರೆ ಬೀಗರಿಬ್ಬರೂ ಒಂದೇ ಸೂರಿನಡಿ.

ಮಾತು ಮಾತ್ರ ಇಲ್ಲ. ಉಪ್ಪಿನ ಡಬ್ಬಿ ಗ್ಯಾರಿಯ ಮೊಣಕೈಗೆ ತಾಗುವಂತಿದ್ದರೂ ವಾಲ್ಟರ್ ನನ್ನನ್ನು ಅಡುಗೆಮನೆಯಿಂದ ಕರೆದು, “ಆ ಓಡಿಹೋದವನ ಹತ್ತಿರ ಉಪ್ಪು ಕೇಳು” ಎನ್ನುತ್ತಿದ್ದರು. ಗ್ಯಾರಿ ಡಬ್ಬಿಯನ್ನು ನನ್ನ ಕೈಗಿಟ್ಟು, “ಜನರಲ್ ಸಾಹೇಬರಿಗೆ ಬಿಪಿ ಇದೆಯೆಂದು ನೆನಪಿಸು” ಎನ್ನುತ್ತಿದ್ದರು.

ನವೆಂಬರ್ ಹನ್ನೊಂದು ಅವರ ದೇಶದಲ್ಲಿ ಸತ್ತ ಸೈನಿಕರನ್ನು ನೆನೆಯುವ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ ಎಲ್ಲರೂ ಎರಡು ನಿಮಿಷ ಮೌನವಾಗಿ ನಿಲ್ಲುತ್ತಾರೆ. ಇಲ್ಲಿಯೂ ಒಂದು ಹೋಟೆಲಿನಲ್ಲಿ ಕಾರ್ಯಕ್ರಮವಿತ್ತು. ವಾಲ್ಟರ್ ಬೆಳಿಗ್ಗೆಯೇ ಕೋಟು ಹಾಕಿ ಪದಕ ಚುಚ್ಚಿಕೊಂಡರು. ಸುಸನ್‌ಗೆ ಡ್ಯೂಟಿ, ಅವಳ ಗಂಡ ಅಬುಧಾಬಿಯಲ್ಲಿ, ಡ್ರೈವರ್ ವೀಸಾ ಮೆಡಿಕಲ್‌ಗೆ ಹೋಗಿದ್ದ. ಗ್ಯಾರಿ ಕಾರಿನ ಕೀ ತೆಗೆದುಕೊಂಡರು. ಇವನ ಕಾರಿಗಿಂತ ಒಂಟೆಯಾದರೂ ವಾಸಿ ಎಂದರು ವಾಲ್ಟರ್. “ಒಂಟೆಗೆ ಪಾರ್ಕಿಂಗ್ ಸಿಗುವುದಿಲ್ಲ ಸರ್, ಯಲ್ಲಾ, ಹೊರಡೋಣ” ಎಂದು ಹತ್ತಿಸಿದೆ.

ಶೇಖ್ ಜಾಯೆದ್ ರಸ್ತೆಯಲ್ಲಿ ಒಂದು ಎಕ್ಸಿಟ್ ತಪ್ಪಿತು. ಇನ್ನೊಂದೂ ತಪ್ಪಿತು. ಜಬೆಲ್ ಅಲಿಯೂ ದಾಟಿ ಕಾರು ಅಬುಧಾಬಿಯ ದಾರಿ ಹಿಡಿದಾಗ ವಾಲ್ಟರ್‌ಗೆ ತಡೆಯಲಾಗಲಿಲ್ಲ. ಮೊದಲ ಸಲ ನೇರವಾಗಿ ಬೀಗರಿಗೇ ಕೇಳಿದರು: “ನಿನಗೆ ಬೋರ್ಡ್ ಓದಲು ಬರುವುದಿಲ್ಲವೇ?”

“ಓದುತ್ತೇನೆ, ತಲೆಗೆ ಹೋಗುವುದಿಲ್ಲ” ಎಂದರು ಗ್ಯಾರಿ. “ನಾನು ವಿಯೆಟ್ನಾಂಗೆ ಬಂದಿದ್ದರೆ ನಿಮ್ಮನ್ನೆಲ್ಲ ಚೀನಾಕ್ಕೆ ಮುಟ್ಟಿಸುತ್ತಿದ್ದೆ. ನಾನು ಓಡಿಹೋದದ್ದರಿಂದಲೇ ನೀನು ಬದುಕಿದ್ದೀ.”

ಪಕ್ಕದಿಂದ ಗೊರಗೊರ ಸದ್ದು ಬಂತು. ಉಸಿರು ಕಟ್ಟಿತೋ ಏನೋ ಎಂದು ನಾನು ನಾಡಿ ಹಿಡಿಯಹೋದೆ. ವಾಲ್ಟರ್ ನಗುತ್ತಿದ್ದರು.

ಇನ್ನು ಹಿಂದಿರುಗಿದರೂ ಸಮಯಕ್ಕೆ ತಲುಪುವಂತಿರಲಿಲ್ಲ. ಗಂತೂತ್ ಹತ್ತಿರ ಪೆಟ್ರೋಲ್ ಪಂಪಿನ ಕೆಫೆಟೇರಿಯಾದಲ್ಲಿ ಕರಕ್ ಚಾ ಹೇಳಿದೆವು. ಹನ್ನೊಂದು ಗಂಟೆಯಾಗುತ್ತಲೇ ವಾಲ್ಟರ್ ನನ್ನ ಹೆಗಲು ಹಿಡಿದು ಎದ್ದರು. ಇನ್ನೊಂದು ಕಡೆ ಗ್ಯಾರಿ ತೋಳು ಕೊಟ್ಟು, ತಾವೂ ತಲೆತಗ್ಗಿಸಿ ನಿಂತರು.

ಅಂಗಡಿಯ ಶಮೀರ್ ಉಪ್ಪಿನಂಗಡಿಯವನು. “ಸಿಸ್ಟರ್, ಇವ್ರು ಎಂತಕ್ಕೆ ನಿಂತದ್ದು? ಚಾ ತಣೀತದೆ” ಎಂದ.

“ಎರಡು ನಿಮಿಷ ಮಾತಾಡ್ಬೇಡ ಮಾರಾಯಾ, ಸತ್ತವರಿಗೆ” ಎಂದೆ. ಅವನು ರೇಡಿಯೋ ಆರಿಸಿ, ಟೊಪ್ಪಿ ಸರಿಮಾಡಿಕೊಂಡು ತಾನೂ ನಿಂತ.

ಕುಳಿತ ಮೇಲೆ ಗ್ಯಾರಿ ಹೇಳಿದರು. ಪಕ್ಕದ ಮನೆಯ ಗೆಳೆಯನಿಗೂ ತನಗೂ ಒಂದೇ ವಾರ ಸೈನ್ಯದ ಕರೆ ಬಂದಿತ್ತಂತೆ. ತಾನು ಬಸ್ಸು ಹತ್ತಿ ಕೆನಡಾಕ್ಕೆ ಹೋದೆ, ಅವನು ಹೋದವನು ಬರಲಿಲ್ಲ ಎಂದರು. ವಾಲ್ಟರ್ ಅವನ ಹೆಸರು ಕೇಳಿದರು. ಗ್ಯಾರಿ ಹೇಳಿದ ಹೆಸರನ್ನು ತಾವೂ ಒಮ್ಮೆ ಮೆಲ್ಲನೆ ಉಚ್ಚರಿಸಿದರು. ಆಮೇಲೆ, “ನಾನು ತಿರುಗಿ ಬಂದಾಗ ಎಲ್ಲಿಗೆ ಹೋಗಿದ್ದೆ ಎಂದು ನಮ್ಮೂರಲ್ಲಿ ಯಾರೂ ಕೇಳಲಿಲ್ಲ. ಈ ದಿನ ನನ್ನ ಪಕ್ಕದಲ್ಲಿ ನಿಂತವನು ನೀನೇ ಮೊದಲು” ಎಂದರು. ಶಮೀರ್ ಬೇರೆ ಚಾ ಮಾಡಿ ತಂದ. ನನಗೆ ಮೂಗು ಒರೆಸಿಕೊಳ್ಳುವುದೇ ಕೆಲಸವಾಯಿತು.

ಈಗ ಇಬ್ಬರೂ ದಿನವಿಡೀ ಮಾತಾಡುತ್ತಾರೆ, ಒಂದಕ್ಕೂ ಒಪ್ಪುವುದಿಲ್ಲ. ನಿನ್ನೆ ಮಧ್ಯಾಹ್ನವೆಲ್ಲ ಕೆನಡಾದ ಯಾವ ಕೆರೆಯ ಮೀನು ದೊಡ್ಡದು ಎಂಬ ವಾದ. ಬಿಪಿ ನೋಡಲು ಹೋದರೆ ಇಬ್ಬರೂ ಸೇರಿ ನನ್ನನ್ನೇ ಗದರುತ್ತಾರೆ. ಬೀಗರು ಮುನಿಸಿಕೊಂಡಿದ್ದಾಗಲೇ ಮನೆ ತಣ್ಣಗಿತ್ತು ಎನ್ನುತ್ತಾಳೆ ಸುಸನ್.

ನಿನ್ನ ಹಾಸ್ಟೆಲಿನ ಜೊತೆಗಾತಿ,
ರೊಸಲಿನ್

ತಾ.ಕ.: ಅತ್ತೆಗೆ ತಿಳಿಯಬಾರದ್ದು ಇದು. ಆ ಬೆಳಿಗ್ಗೆ ವೀಲ್‌ಚೇರ್ ಒಳಗೆ ಹೋಗುತ್ತದೆಯೇ ಎಂದು ಕಾರ್ಯಕ್ರಮದವರಿಗೆ ಫೋನ್ ಮಾಡಿದ್ದೆ. ಇದು ಕೆನಡಾದ ಸೈನ್ಯದಲ್ಲಿದ್ದವರಿಗೆ ಮಾತ್ರ, ಪಟ್ಟಿಯಲ್ಲಿ ವಾಲ್ಟರ್ ಹೆಸರಿಲ್ಲ, ಒಳಗೆ ಬಿಡುವಂತಿಲ್ಲ ಎಂದರು. ಪದಕ ಒರೆಸುತ್ತಾ ಕುಳಿತವರಿಗೆ ಅದನ್ನು ಹೇಗೆ ಹೇಳಲಿ? ದಾರಿಯಲ್ಲಿ ಗ್ಯಾರಿ ಇದೇ ಎಕ್ಸಿಟಾ ಎಂದು ಕೇಳಿದಾಗಲೆಲ್ಲ “ಮುಂದಿನದು ಸರ್” ಎನ್ನುತ್ತಾ ಹೋದೆ. ಬೈಗುಳ ತಿಂದವರು ಅವರು. ಮನಸ್ಸು ತಡೆಯದೆ ನಿನ್ನೆ ಅವರಿಗೆ ನಿಜ ಹೇಳಿಬಿಟ್ಟೆ. ಅವರು ತಟ್ಟೆ ಒರೆಸುವುದನ್ನು ನಿಲ್ಲಿಸದೆ ಹೇಳಿದರು: “ಗೊತ್ತು ಸಿಸ್ಟರ್. ಹಿಂದಿನ ದಿನವೇ ನಾನೂ ಫೋನ್ ಮಾಡಿದ್ದೆ. ನೀನೆಲ್ಲಿ ಸರಿಯಾದ ದಾರಿ ಹೇಳಿಬಿಡುತ್ತೀಯೋ ಎಂದು ಹೆದರಿದ್ದೆ.”