ನಾಲ್ಕನೆಯ ಕರಿಮನೆ

ಅಲಖನೂರ
೧೯ ಡಿಸೆಂಬರ್ ೨೦೨೪, ಗುರುವಾರ

ಚಿರಂಜೀವಿ ಭಾಗ್ಯಾಳಿಗೆ,

ನಿನ್ನ ಸೋದರಮಾವ ಜ್ಞಾನದೇವ ಮಾಡುವ ಆಶೀರ್ವಾದಗಳು. ಜೊತೆಗೆ ಒಂದಿಷ್ಟು ಸಿಟ್ಟನ್ನೂ ಕಳಿಸಿದ್ದೇನೆ. ಎರಡನ್ನೂ ಬೇರೆ ಬೇರೆ ಮಾಡಿಕೊಳ್ಳುವಷ್ಟು ನೀನು ಶಾಣ್ಯಾ ಇದ್ದಿ. ನಿಪ್ಪಾಣಿಯಲ್ಲಿ ನಾಲ್ಕು ಮಕ್ಕಳಿಗೆ ಪಾಠ ಹೇಳುವ ಟೀಚರಬಾಯಿ ನೀನು.

ಫೋನು ಇರುವಾಗ ಮಾಮಾ ಯಾಕೆ ಕಾಗದ ಹಚ್ಚಿದ ಅನ್ನುತ್ತಿರಬೇಕು. ನೀನು ದಿನಾ ಫೋನ್ ಮಾಡಿದ್ದು ನನಗೆ ಗೊತ್ತು. ಬೇಕಂತಲೇ ಎತ್ತಲಿಲ್ಲ. ಫೋನಿನಲ್ಲಿ ಮನುಷ್ಯನ ದನಿ ಸಿಕ್ಕಿಬೀಳುತ್ತದೆ. ಅಕ್ಷರಕ್ಕೆ ಆ ಹೆದರಿಕೆ ಇಲ್ಲ. ನಾನು ಕಲಿತದ್ದು ಏಳನೇ ಇಯತ್ತೆ ಖರೆ, ಆದರೆ ನನ್ನ ಕೈಬರಹ ನೋಡಿ ನಮ್ಮ ಮಾಸ್ತರು ತಮ್ಮ ಮದುವೆ ಲಕೋಟೆಗಳ ಮೇಲೆ ಹೆಸರು ನನ್ನ ಕೈಯಿಂದಲೇ ಬರೆಸಿದ್ದರು. ಓದಲಿಕ್ಕೆ ನಿನಗೆ ತ್ರಾಸಾಗುವುದಿಲ್ಲ.

ನಿನ್ನೆ ಊಟಕ್ಕೆ ಕೂತಾಗ ನಿನ್ನ ಮಾಮಿ ಸುಂದ್ರವ್ವ ಸುದ್ದಿ ತೆಗೆದಳು. "ಭಾಗ್ಯಾ ಗಿಟಾರ ಬಿಡತಾಳಂತ. ನಿಮ್ಮ ಕಡೆನ ಹಾಡ ಕಲಿತಾಳಂತ. ಈಗರೆ ಒಂದೀಟ ನಗರಿ" ಅಂದಳು. ನಾನು ನಗಲಿಲ್ಲ. ಅರ್ಧ ರೊಟ್ಟಿ ಬಿಟ್ಟು ಎದ್ದೆ. ಅದಕ್ಕೇ ಈ ಪತ್ರ.

ದೀಪಾವಳಿಗೆ ನೀನು ಬಂದಾಗ ಕಟ್ಟೆಯ ಮೇಲೆ ಕೂತು ಕೇಳಿದ್ದು ನೆನಪಿದೆಯಲ್ಲ? "ಮಾಮಾ, ಸಾಲ್ಯಾಗ ಹುಡುಗರಿಗೆ ಪದ್ಯ ಕಲಿಸಾಕ ಏನರೆ ಒಂದ ಕಲಿಬೇಕಂತ ಮಾಡೀನಿ. ಗಿಟಾರ ಕಲೀಲೋ, ಹಾಡ ಕಲೀಲೋ?" ಎಂದಿದ್ದೆ. ನಿಪ್ಪಾಣಿಯ ಸಂಗೀತ ಕ್ಲಾಸಿನವರು ಒಂದು ತಿಂಗಳು ನೋಡು ಅಂತ ಗಿಟಾರು ಕೈಗೆ ಕೊಟ್ಟಿದ್ದರು. ಬೆರಳ ತುದಿ ಸುಟ್ಟಂಗ ಆಗ್ಯಾವ ಅಂತ ತೋರಿಸಿದೆ. ನನಗೆ ಒಳಗೊಳಗೆ ಖುಷಿಯಾಯಿತು. "ಗಂಟಲಕ್ಕ ತಂತಿ ಬದಲ ಮಾಡಬೇಕಾಗಿಲ್ಲ, ಬಸ್ಸಿನ್ಯಾಗ ಸೀಟ ಹಿಡೀಬೇಕಾಗಿಲ್ಲ. ಹಾಡ ಕಲಿ. ಕಾಳಿ ಚಾರ್ ಹಾಡೋ ಮಾಮಾ ಮನ್ಯಾಗ ಇದ್ದಾಗ ಆ ಕಟಗಿ ಯಾಕ?" ಅಂದೆ.

ಕಾಳಿ ಚಾರ್ ಅಂದರೆ ಹಾರ್ಮೋನಿಯಂ ಪೆಟ್ಟಿಗೆಯ ನಾಲ್ಕನೆಯ ಕರಿಮನೆ, ಬೆರಳು ಒತ್ತುವ ನಾಲ್ಕನೆಯ ಕರಿ ಪಟ್ಟಿ. ನಮ್ಮ ಗಡಿಯ ಭಜನಿ ಮಂದಿ ಸುರವನ್ನು ಮರಾಠಿಯಲ್ಲೇ ಎಣಿಸುತ್ತಾರೆ. ಅಷ್ಟು ಎತ್ತರದಲ್ಲಿ ಗಂಡಸರು ಹಾಡಿದರೆ ಎರಡನೇ ಪದಕ್ಕೆ ಗಂಟಲು ಹರಿಯುತ್ತದೆ. ನಾನು ಅರವತ್ತು ದಾಟಿಯೂ ಅಲ್ಲೇ ಹಾಡುತ್ತೇನೆ ಅಂತ ರಾಯಬಾಗದಿಂದ ಅಥಣಿ ತನಕ ಹೆಸರು. ಯಡೂರಿನಲ್ಲಿ ಮೈಕು ಕೆಟ್ಟ ದಿನ ಹೊಳೆಯ ಆಚೆ ದಂಡೆಯಲ್ಲಿ ಕಬ್ಬು ಕಡಿಯುವವರು ಕುಡುಗೋಲು ನಿಲ್ಲಿಸಿ ಕೇಳಿದ್ದರು. ಇದನ್ನು ನಾನೇ ಹೇಳಬೇಕಾಗಿ ಬಂದಿದೆ, ಯಾಕಂದರೆ ಬೇರೆ ಯಾರೂ ಹೇಳುವುದಿಲ್ಲ.

ಗಿಟಾರು ಭಜನೆಗೆ ತರುವ ಪಂಥ ಕಟ್ಟಿದ್ದು ನೀನಲ್ಲ, ನಾನೇ. "ಏಕಾದಶಿಗೆ ತಗೊಂಡ ಬಾ. ನನ್ನ ಕಾಳಿ ಚಾರಿಗೆ ಅದು ಸರಿಗೂಡಿ ನಿಂತ್ರ ಗಿಟಾರ ಕಲಿ. ನಿಲ್ಲಲಿಲ್ಲಂದ್ರ ಅದನ್ನ ವಾಪಸ್ ಕೊಟ್ಟ ನನ್ನ ಮುಂದ ಕೂಡ್ರು." ಭಜನಿ ಮಂಡಳಿಯವರೆಲ್ಲ ಹೌದೆಂದು ಗೋಣು ಹಾಕಿದ್ದರು. ಪೆಟ್ಟಿಗೆ ನುಡಿಸುವ ಧರೆಪ್ಪನೊಬ್ಬನೇ, "ಬ್ಯಾಡೋ ಜ್ಞಾನದೇವ, ಹುಡುಗಿ ಈಗ ಕಲಿಯಾಕತ್ತೈತಿ, ಯಾಕ ಜಗ್ಯಾಡತಿ" ಅಂದ. ಗೆಳೆಯ ನಿನ್ನ ಮೇಲೆ ಮಾಯೆ ತೋರಿಸುತ್ತಿದ್ದಾನೆ ಅಂದುಕೊಂಡೆ. ಅವನು ಯಾರನ್ನು ಕಾಯುತ್ತಿದ್ದ ಅಂತ ಈಗ ತಿಳಿಯುತ್ತದೆ.

ಏಕಾದಶಿಯ ಸಂಜೆ ನೀನೂ ಗುಡಿಯಲ್ಲಿದ್ದೆ. ಆದರೆ ನಾನು ಕೂತ ಜಾಗದಿಂದ ನೀನು ನೋಡಿಲ್ಲ, ಅದಕ್ಕೇ ಬರೆಯುತ್ತೇನೆ.

ನೀನು ಗಿಟಾರಿನ ಕುತ್ತಿಗೆಗೆ ಒಂದು ಕ್ಲಿಪ್ಪು ಕಚ್ಚಿಸಿದೆ. ಅದೇನು ಅಂತ ಕೇಳಿದೆ. "ಇದನ್ನ ಮ್ಯಾಲ ಕೆಳಗ ಸರಸಿದ್ರ ಸುರ ಏರತೈತಿ, ಇಳಿತೈತಿ. ಬೆರಳ ಅವ ಇರತಾವ. ಕಾಳಿ ಚಾರಿಗೆ ನಾಕನೇ ಮನಿ" ಅಂದೆ. ನಾನು ಮೈಕಿನಲ್ಲೇ, "ಕೇಳಿದ್ರೇನ್ರಿ, ಬೆರಳ ಅವ, ಸುರ ಬ್ಯಾರೆ. ಇದಕ್ಕ ನಮ್ಮ ಕಡೆ ಮೋಸ ಅಂತಾರ" ಅಂತ ಜನರನ್ನು ನಗಿಸಿದೆ. ಧರೆಪ್ಪ ನಗಲಿಲ್ಲ. ತಬಲಾ ಬಾರಿಸುವ ಮಾಯಪ್ಪ ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡೇ ಸುತ್ತಿಗೆ ಹುಡುಕುತ್ತಿದ್ದ.

ಧರೆಪ್ಪ ಸುರ ಕೊಟ್ಟ. ನಾನು ಎತ್ತಿಕೊಂಡೆ. ನೀನು ತಂತಿ ಎಳೆದೆ. ಎರಡೂ ಜಗಳಕ್ಕೆ ಬಿದ್ದವು. ಹೆಂಗಸರ ಸಾಲಿನಿಂದ ತಾರವ್ವ, "ಯವ್ವಾ, ಇದೇನ ಗಿಟಾರೋ, ಕುಕ್ಕರ ಸೀಟಿನೋ" ಅಂದಳು. ಗುಡಿ ತುಂಬ ನಗೆ. ನಾನು ಕೈ ಮೇಲೆತ್ತಿ, "ಕಟಗಿ ಸೋತಿತು, ಗಂಟಲ ಗೆದ್ದಿತು" ಅಂದೆ. ಆದರೆ ನೀನು ನಮ್ಮಕ್ಕನ ಮಗಳು, ಹಟಮಾರಿ. ತಲೆ ಬಗ್ಗಿಸಿ ಕ್ಲಿಪ್ಪನ್ನು ಮೂರನೇ ಮನೆಗೆ ತಂದೆ, ಕೂಡಲಿಲ್ಲ. ಎರಡನೇದಕ್ಕೆ ತಂದೆ, ಕೂಡಲಿಲ್ಲ. ಒಂದನೇ ಮನೆಗೆ ತಂದು ಎಳೆದೆ. ಅಂಬಲಿಗೆ ಮಜ್ಜಿಗೆ ಬಿದ್ದಂಗೆ ಕೂಡಿಹೋಯಿತು.

ನಿನಗೆ ಎಷ್ಟು ಸಂತೋಷ ಆಗಿತ್ತು ಅಂದರೆ ಮೈಕು ಹತ್ತಿರ ಇದೆ ಅನ್ನುವುದನ್ನೂ ಮರೆತೆ. "ಕೂಡಿತು ಮಾಮಾ. ಆದ್ರ ನೀವು ಕಾಳಿ ಚಾರ್ ಹಾಡಾಕತ್ತಿಲ್ಲ. ಮೂರ ಮನಿ ಕೆಳಗ ಅದೀರಿ. ಪಾಂಢರಿ ಚಾರ್, ಬಿಳಿಮನಿ" ಅಂದೆ.

ನಾನು ಧರೆಪ್ಪನ ಬೆರಳು ನೋಡಿದೆ. ಕರಿಮನೆಯ ಮೇಲೆಯೇ ಇದ್ದವು, ನಾಲ್ಕನೆಯದರ ಮೇಲೆಯೇ. ಮೂವತ್ತು ವರ್ಷದಿಂದ ನಾನು ನೋಡುತ್ತ ಬಂದದ್ದು ಆ ಬೆರಳನ್ನೇ. ನನ್ನ ಸುರ ಎಷ್ಟು ಎತ್ತರ ಅಂತ ನಾನು ಎಂದೂ ಕಿವಿಗೆ ಕೇಳಲಿಲ್ಲ, ಅವನ ಬೆರಳಿಗೆ ಕೇಳಿದೆ. ಆಗ ಅವನ ಎಡಗೈ ಗಾಳಿ ಹಾಕುವುದು ಬಿಟ್ಟು ಮೆಲ್ಲಗೆ ಪೆಟ್ಟಿಗೆಯ ಬದಿಗೆ ಬಂದು ಒಂದು ಹಿತ್ತಾಳೆ ಹಿಡಿಕೆಯ ಮೇಲೆ ಕೂತಿತು. ಮದುವೆಮನೆಯಲ್ಲಿ ಅಂಗಿಯ ಹರಕು ಮುಚ್ಚಿಕೊಳ್ಳುತ್ತಾರಲ್ಲ, ಹಾಗೆ.

ಆ ಪೆಟ್ಟಿಗೆ ತರಲಿಕ್ಕೆ ಮೀರಜಿಗೆ ಅವನ ಜೊತೆ ಹೋದವನು ನಾನು. ಕಾಗವಾಡದ ತನಕ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದವನು ನಾನು. ಅಂಗಡಿಯವ ಆ ಹಿಡಿಕೆಯ ಕೆಲಸ ತೋರಿಸುವಾಗ ನಾನು ಹೊರಗೆ ಚಹಾ ಕುಡಿಯುತ್ತಿದ್ದೆ. ಆಮೇಲೆ ಕೇಳಿದರೆ ಧರೆಪ್ಪ, "ಅದು ಕೊಂಡಿ. ಗಾಡ್ಯಾಗ ಒಯ್ಯುವಾಗ ಮನಿ ಅಲಗಾಡಬಾರದು ಅಂತ" ಅಂದಿದ್ದ. ನಂಬಿದೆ. ಅದನ್ನು ಸರಿಸಿದರೆ ಮನೆಗಳ ಸಾಲೇ ಕೆಳಗೆ ಜಾರುತ್ತದಂತೆ. ಬೆರಳು ಕರಿಮನೆಯ ಮೇಲೆ, ದನಿ ಬಿಳಿಮನೆಯದು. ನಿನ್ನ ಕ್ಲಿಪ್ಪಿನದೇ ಕೆಲಸ. ಒಂದೇ ಫರಕು. ನಿನ್ನದು ಎಲ್ಲರಿಗೂ ಕಾಣುತ್ತದೆ.

ಮರುದಿನ ಮುಂಜಾನೆ ಅವನ ಮನೆಗೆ ಹೋದೆ. ಅವನ ಹೆಂಡತಿ ರುಕ್ಮವ್ವ ಚಹಾ ತಂದಳು, ಮುಟ್ಟಲಿಲ್ಲ. "ಯಾವಾಗಿಂದ?" ಅಂದೆ. ಧರೆಪ್ಪ ಅಂಗಳದ ಕೋಳಿಯ ಜೊತೆ ಮಾತಾಡುವವನ ಹಾಗೆ ನೆಲ ನೋಡುತ್ತ ಹೇಳಿದ, "ಒಮ್ಮೆ ನಿನ್ನ ದನಿ ನಡುವ ಒಡೀತು. ಜ್ವಾಳದ ಸುಂಕ ಗಂಟಲಕ್ಕ ಹೋಗೈತಿ ಅಂತ ಎದ್ದ ಹೋದಿ. ಮುಂದಿನ ಸಲ ಒಂದ ಮನಿ ಇಳಿಸಿದೆ. ನೀ ಎಷ್ಟ ಚಲೋ ಹಾಡಿದಿ ಗೊತ್ತೇನ? ಆಮ್ಯಾಲೆ ಇನ್ನೆರಡ ಮನಿ ಇಳಸಬೇಕಾತು, ಏರಸಾಕ ನನಗ ಮನಸ ಬರಲಿಲ್ಲೋ."

ಸುಂಕ, ಜೋಳದ ರಾಶಿಯ ಆ ತುರಿಕೆ ಧೂಳು, ಖರೇನೇ ಹೋಗಿತ್ತು, ಭಾಗ್ಯಾ. ಅದನ್ನು ಯಾರೂ ನಂಬಲಿಲ್ಲ ಅಂತ ಈಗ ಗೊತ್ತಾಗುತ್ತಿದೆ.

ಇಳಿಸಿದ್ದಕ್ಕೆ ನಾನು ಅವನನ್ನು ಅಷ್ಟು ಬೈಯುವುದಿಲ್ಲ. ಅಥಣಿಯ ಮಂದಿಯ ಮುಂದೆ ನಾನು ಎದೆ ಬಡಿದುಕೊಂಡು, "ಕಾಳಿ ಚಾರ್, ಬೇಕಾದ್ರ ನಮ್ಮ ಧರೆಪ್ಪನ್ನ ಕೇಳ್ರಿ" ಅಂದಾಗ ಪಕ್ಕದಲ್ಲಿ ಕೂತು "ಹೌದ್ರಿ, ಹೌದ್ರಿ" ಅಂತ ಗೋಣು ಹಾಕಿದನಲ್ಲ, ಅದು ಕರುಳಿಗೆ ಹತ್ತಿದೆ. ಬೋರಗಾಂವದ ಗಂಗಾರಾಮನಿಗೆ "ತಳಮನಿಯಾಂವ" ಅಂತ ನಾನೇ ಹೆಸರಿಟ್ಟು ಊರೂರು ನಗಿಸಿದ್ದೆ. ಆತ ನನಗಿಂತ ಒಂದು ಮನೆ ಮೇಲೆ ಹಾಡುತ್ತಿದ್ದನಂತೆ. ನಾನು ನಗಿಸುವಾಗ ಧರೆಪ್ಪನಿಗೂ ಗೊತ್ತಿತ್ತು. ತಬಲಾ ಸುರಕ್ಕೆ ಕೂಡಿಸುವ ಮಾಯಪ್ಪನಿಗೂ ಗೊತ್ತಿತ್ತು. ಯಾರ ಮೇಲೆ ನಕ್ಕರು ಅವರು? ಗಂಗಾರಾಮನ ಮೇಲೋ, ನನ್ನ ಮೇಲೋ?

ಮನೆಗೆ ಬಂದು ನಿನ್ನ ಮಾಮಿಯ ಮುಂದೆ ಇದನ್ನೆಲ್ಲ ಕಾರಿಕೊಂಡೆ. ಆಕೆ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನನಗ ರುಕ್ಮವ್ವ ಹೇಳಿದ್ಲು, ಭಾಳ ದಿನದ ಹಿಂದ. ನಿಮಗ ಹೇಳಿದ್ರ ಹಾಡೋದ ಬಿಡತಿದ್ರಿ. ಹಾಡ ಬಿಟ್ರ ಇಡೀ ದಿನಾ ನನ್ನ ತಲಿ ತಿಂತಿದ್ರಿ" ಅಂದಳು. ಮೂವತ್ತೈದು ವರ್ಷ ಒಂದೇ ಒಲೆಯ ರೊಟ್ಟಿ ತಿಂದ ಮೇಲೆ ಮನುಷ್ಯನಿಗೆ ಸಿಗುವ ಉತ್ತರ ಇದು.

ಅಂತೂ ಎಲ್ಲರಿಗೂ ಗೊತ್ತಿತ್ತು. ನಿನಗೊಬ್ಬಳಿಗೇ ಗೊತ್ತಿರಲಿಲ್ಲ. ನೀನೊಬ್ಬಳೇ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಆವತ್ತೇ ನಿನ್ನ ತಲೆಯ ಮೇಲೆ ಕೈ ಇಡುತ್ತಿದ್ದೆ. ಆದರೆ ನೀನು ನನ್ನ ಮುಖ ನೋಡಿದೆ. ನೋಡಿ ಮೈಕಿಗೆ ಬಾಯಿ ಹಚ್ಚಿ, "ತಪ್ಪಾತ್ರಿ, ನನ್ನ ತಂತಿ ಸಡ್ಲ ಆಗಿತ್ತು. ಮಾಮಾನ ಸುರ ಬರೋಬ್ಬರಿ ಐತಿ" ಅಂದೆ. ಜನ ಚಪ್ಪಾಳೆ ತಟ್ಟಿದರು. ಧರೆಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆ ಒಂದು ಮಾತಿಗೆ ನೀನೂ ಎದ್ದು ಹೋಗಿ ಅವರ ಸಾಲಿನಲ್ಲಿ ಕೂತೆ.

ಈಗ ಗಿಟಾರು ಬಿಟ್ಟು ನನ್ನ ಕಡೆ ಹಾಡು ಕಲಿಯುತ್ತೇನೆ ಅನ್ನುತ್ತಿ. ಭಾಗ್ಯಾ, ನಾನು ಹಾಡುಗಾರ ಹೌದೋ ಅಲ್ಲವೋ ಆಮೇಲೆ ನೋಡೋಣ, ದಡ್ಡನಂತೂ ಅಲ್ಲ. ಇದೂ ಒಂದು ಹಿಡಿಕೆಯೇ. ಧರೆಪ್ಪ ಪೆಟ್ಟಿಗೆ ಇಳಿಸಿದ, ನೀನು ನಿನ್ನನ್ನೇ ಇಳಿಸಿಕೊಳ್ಳುತ್ತಿದ್ದಿ, ಮಾಮಾ ಎತ್ತರದಲ್ಲಿ ಕಾಣಲಿ ಅಂತ. ಆ ಗುರುದಕ್ಷಿಣೆ ನನಗೆ ಬೇಡ. ನನ್ನ ಮುಂದೆ ಕೂತರೆ ನೀನು ತಪ್ಪು ಹಾಡಿದರೂ ಶಹಬಾಸ್ ಅಂತೀನಿ, ನಾನು ತಪ್ಪು ಹಾಡಿದರೂ ನೀನು ಹೌದು ಅಂತಿ. ಇಬ್ಬರೂ ಕೂಡಿ ನೆಲಮಾಳಿಗೆಗೆ ಇಳಿದುಹೋಗುತ್ತೇವೆ, ಕಾಳಿ ಚಾರ್ ಅಂತ ಹೇಳಿಕೊಳ್ಳುತ್ತ.

ದೀಪಾವಳಿಗೆ ನೀನು ಕೇಳಿದ್ದಕ್ಕೆ ಈಗ ಉತ್ತರ ಕೊಡುತ್ತೇನೆ. ಗಿಟಾರು ಕಲಿ. ಬೆರಳು ಸುಟ್ಟರೆ ಸುಡಲಿ, ಗಟ್ಟಿ ಆಗುತ್ತವೆ. ಕೂಡದಿದ್ದರೆ ಕೂಡಲಿಲ್ಲ ಅಂತ ಅದು ಗುಡಿ ತುಂಬ ಮಂದಿಯ ಮುಂದೆ ಒದರಿತಲ್ಲ, ಅಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು. ಕ್ಲಿಪ್ಪು ಸರಿಸುವುದಿದ್ದರೆ ನಿನ್ನ ಕೈಯಾರೆ ಸರಿಸು, ಎಲ್ಲರೂ ನೋಡಲಿ. ಮುಂದೆ ಹಾಡುವ ಮನಸ್ಸಾದರೆ ಹಾಡನ್ನೂ ಕಲಿ, ಆದರೆ ನಿನ್ನ ಮೇಲೆ ಮಾಯೆ ಇಲ್ಲದವರ ಹತ್ತಿರ ಕಲಿ. ನಿಪ್ಪಾಣಿಯಲ್ಲಿ ಅಂಥವರು ಸಿಗುತ್ತಾರೆ. ಅಲಖನೂರದಲ್ಲಿ ಇಲ್ಲ.

ನಾನು ಮಂಡಳಿಗೆ ಹೋಗುವುದಿಲ್ಲ. ನನ್ನನ್ನು ಕರೆಯಲಿಕ್ಕೆ ಧರೆಪ್ಪ ಎರಡು ಸಲ ಬಾಗಿಲಿಗೆ ಬಂದ. ಮನೆಯಲ್ಲಿಲ್ಲ ಅಂತ ಒಳಗಿನಿಂದ ನಾನೇ ಹೇಳಿದೆ. ಗೆಳೆತನ ಇಷ್ಟು ವರ್ಷ ಒಂದು ಹಿತ್ತಾಳೆ ತುಂಡಿನ ಮೇಲೆ ನಿಂತಿತ್ತು ಅಂದ ಮೇಲೆ ಅವನ ಜೊತೆ ಏನು ಮಾತಾಡಲಿ? ಗುಡಿಯ ಹಲಗೆಯ ಮೇಲೆ ನನ್ನ ಹೆಸರಿನ ಹಿಂದೆ ಬಣ್ಣದಲ್ಲಿ ಬರೆಸಿದ್ದ 'ಕಾಳಿ ಚಾರ್' ಅನ್ನುವ ಎರಡು ಮಾತನ್ನು ಮೊನ್ನೆ ಸುಣ್ಣ ಹಚ್ಚಿ ಅಳಿಸಿ ಬಂದೆ. ಪತ್ರಕ್ಕೂ ಹಾಗೇ ಸಹಿ ಮಾಡುತ್ತಿದ್ದೆ ನಾನು. ಈ ಸಲ ಬರಿ ಹೆಸರು.

ಮೈ ಕಡೆ ನೋಡಿಕೊ. ನಿಮ್ಮ ಅವ್ವನಿಗೆ ಈ ಸುದ್ದಿ ಬೇಡ, ಆಕೆಗೆ ಇನ್ನೂ ತಮ್ಮನ ಮೇಲೆ ಅಭಿಮಾನ ಇದೆ.

ನಿನ್ನ ಮಾಮಾ,
ಜ್ಞಾನದೇವ

ತಾ.ಕ.: ನೀನು ಊರಿಗೆ ಬಂದಾಗ ಧರೆಪ್ಪನನ್ನು ಒಂದು ಮಾತು ಕೇಳು. ನಾ ಕೇಳು ಅಂದೆ ಅನ್ನಬೇಡ. ಇಷ್ಟು ವರ್ಷದಲ್ಲಿ ಒಂದು ದಿನವಾದರೂ ಅವನು ಹಿಡಿಕೆ ಇಳಿಸಲಿಕ್ಕೆ ಮರೆತಿದ್ದನೇ, ನಾನು ಖರೇನೇ ಕಾಳಿ ಚಾರ್ ಹಾಡಿದ್ದೆನೇ? ಯಡೂರಿನಲ್ಲಿ ಮೈಕು ಕೆಟ್ಟ ಆ ದಿನ ಇರಬಹುದು ಅಂತ ನನ್ನ ಅಂದಾಜು. ಹೌದು ಅಂದರೆ ತಕ್ಷಣ ಫೋನ್ ಮಾಡು, ಎತ್ತುತ್ತೇನೆ. ಇಲ್ಲ ಅಂದರೆ ನನಗೆ ಏನೂ ಹೇಳಬೇಡ. ನಿನ್ನ ಗಿಟಾರಿನ ಸುದ್ದಿ ಬರಿ.