ಅಮ್ಮ ಕೇಳಿದ ಭೋಜನ

ಹೊಲಿಗೆ ಕೋಣೆಯಿಂದ,
ಹದಿನಾಲ್ಕನೇ ತಾರೀಕು, ಶನಿವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಒಲೆಯ ಮುಂದೆ ನಿಂತು ನಿಂತು ಬಂದ ಸೊಂಟನೋವು ಈಗ ಕಡಿಮೆಯಾಗಿದೆಯೇ? ನೂರು ಜನಕ್ಕೆ ಬೇಯಿಸಿ ಹಾಕುವವನು ತಾನು ಮಾತ್ರ ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ ಅಂತ ಅಮ್ಮ ಗೊಣಗುತ್ತಿದ್ದಳು. ಇನ್ನು ಆ ಗೊಣಗಾಟವೂ ನನ್ನ ಪಾಲಿಗೇ ಬಂತು. ನಿನ್ನ ಅತ್ತಿಗೆ ಆರೋಗ್ಯವಾಗಿದ್ದಾಳೆ, ಆದರೆ ಅಮ್ಮ ಹೋದ ದಿನದಿಂದ ನನ್ನೊಡನೆ ಮಾತಿಲ್ಲ. ತಟ್ಟೆ ಇಟ್ಟು ಒಳಗೆ ಹೋಗಿಬಿಡುತ್ತಾಳೆ. ಅವಳ ಸಿಟ್ಟು ನ್ಯಾಯವಾದದ್ದೇ.

ನಿನ್ನ ಪತ್ರ ಬಂತು. ಕೊನೆಗಾಲದಲ್ಲಿ ಅಮ್ಮ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೇಳಿದರೂ ನರ್ಸಮ್ಮ ತರಲಿಲ್ಲವಂತೆ, ಹೊರಡುವಾಗ ಅಷ್ಟು ಹೇಳಿ ಬಂದಿದ್ದೆ, ಇನ್ನು ಆಕೆಯ ಮುಖ ನೋಡುವುದಿಲ್ಲ ಅಂತ ಬರೆದಿದ್ದೀಯ. ಆಕೆಗೂ ಹಾಗೇ ಬರೆದು ಕಳಿಸಿದ್ದೀಯಂತೆ. ಅದನ್ನು ಓದಿದಾಗಿನಿಂದ ಮಷೀನಿನ ಮುಂದೆ ಕೂರಲು ಆಗುತ್ತಿಲ್ಲ. ನಿನ್ನೆ ಒಂದು ಕೋಟಿಗೆ ಎರಡೂ ಎಡತೋಳನ್ನೇ ಕತ್ತರಿಸಿಬಿಟ್ಟೆ. ತಮ್ಮಾ, ನರ್ಸಮ್ಮ ಬಂದಿದ್ದರು. ಬಾಗಿಲಿನಿಂದ ವಾಪಸ್ಸು ಕಳಿಸಿದವನು ನಾನು.

ನಮ್ಮ ಚರ್ಚಿನ ಸಭೆ ಒಡೆದದ್ದು ನೀನೂ ಕಂಡದ್ದೇ. ಜ್ವರದ ವರ್ಷ, ಎಲ್ಲರೂ ಒಂದೇ ಪಾತ್ರೆಗೆ ಬಾಯಿ ಹಚ್ಚುವುದು ಬೇಡ, ತಲೆಗೊಂದು ಪುಟ್ಟ ಗಾಜಿನ ಲೋಟ ಇರಲಿ ಅಂತ ನೀವು. ತಾತನ ಕಾಲದ ಬೆಳ್ಳಿ ಪಾತ್ರೆಯೇ ಆಗಬೇಕು ಅಂತ ನಾವು. ಜ್ವರ ಹೋಗಿ ಎಷ್ಟೋ ವರ್ಷವಾದರೂ ಎಂಟು ಗಂಟೆಗೆ ನಾವು, ಹನ್ನೊಂದಕ್ಕೆ ನೀವು, ಅದೇ ಬೆಂಚುಗಳ ಮೇಲೆ. ಎರಡೂ ಆರಾಧನೆಗೆ ಕೂರುತ್ತಿದ್ದವಳು ಅಮ್ಮ ಒಬ್ಬಳೇ. ಬೆಳ್ಳಿ ಪಾತ್ರೆಯನ್ನೂ ಗಾಜಿನ ಲೋಟಗಳನ್ನೂ ತೊಳೆದಿಡುತ್ತಿದ್ದವಳೂ ಅವಳೇ. "ಒಂದೇ ಬಕೆಟ್ ನೀರಲ್ಲಿ ತೊಳೀತೀನಿ ಕಣ್ರೋ, ಏನ್ ಮಾಡ್ತೀರೋ ಮಾಡ್ಕೊಳಿ" ಅನ್ನುತ್ತಿದ್ದಳು. ನಾನು ನಗುತ್ತಿದ್ದೆ. ಸಭೆಯ ಹಿರಿಯ ಅಂತ ಪ್ರತಿ ಭಾನುವಾರ ಎದ್ದು ನಿಂತು, ವಿಶ್ವಾಸಿಗಳೆಲ್ಲ ಒಂದಾಗಲಿ ಅಂತ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದವನೂ ನಾನೇ. ಒಂದಾಗುವುದು ಅಂದರೆ ನೀವೆಲ್ಲ ಸೋತು ಎಂಟು ಗಂಟೆಗೆ ಬರುವುದು ಅಂತಲೇ ನನ್ನ ಮನಸ್ಸಿನಲ್ಲಿತ್ತು.

ಆ ದಿನ ಮಧ್ಯಾಹ್ನ ಅಮ್ಮ ಭೋಜನ ಬೇಕು ಅಂದಳು. ನಮ್ಮ ಪಾಸ್ಟರು ಪಕ್ಕದ ಊರಿನ ಮದುವೆಗೆ ಹೋಗಿದ್ದರು, ಐದಕ್ಕೆ ಬರುತ್ತಾರೆ ಅಂತ ಸುದ್ದಿ. ಅಷ್ಟು ಹೊತ್ತು ತಡೆಯುವ ಹಾಗಿಲ್ಲ ಅಂತ ನಿನ್ನ ಅತ್ತಿಗೆ ನನ್ನನ್ನು ಕೇಳದೆ ನರ್ಸಮ್ಮನಿಗೆ ಹೇಳಿಕಳಿಸಿದಳು. ನಿಮ್ಮ ಕಡೆ ರೋಗಿಗಳ ಮನೆಗೆ ಭೋಜನ ಒಯ್ಯುವುದು ಅವರೇ ತಾನೆ? ಮೂರು ಗಂಟೆಗೆ ಏದುಸಿರು ಬಿಡುತ್ತ ಬಂದರು. ನಾನು ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಅಡ್ಡ ನಿಂತೆ. ನಮ್ಮ ಪಾಸ್ಟರು ಬರ್ತಾರೆ, ನೀವು ಹೊರಡಿ ಅಂದೆ. ಅವರು ಕೋಪಿಸಿಕೊಳ್ಳಲಿಲ್ಲ. "ಟೈಲರಣ್ಣ, ನಮ್ಮ ಲೋಟ ಬೇಡ ಅಂದ್ರೆ ಬೇಡ. ನಿಮ್ಮ ಪಾತ್ರೇನೇ ತನ್ನಿ, ಅದರಲ್ಲೇ ಕೊಡ್ತೀನಿ" ಅಂದರು. ನನ್ನದೇ ಪಾತ್ರೆ, ನನ್ನದೇ ಹಟ. ಅದಕ್ಕೂ ನಾನು ಒಪ್ಪಲಿಲ್ಲ. ಬಹಳ ಹೊತ್ತು ಬೀದಿಯಲ್ಲಿ ನಿಂತಿದ್ದು ಹೋದರು. ಒಳಗಿನಿಂದ ಅಮ್ಮ ಯಾರೋ ಅದು ಅಂತ ಕೇಳಿದಳು. ಗಿರಾಕಿ ಕಣಮ್ಮ ಅಂದೆ. ಅವಳಿಗೆ ಎಲ್ಲಾ ಕೇಳಿಸಿತ್ತು ಅಂತ ಕಾಣುತ್ತದೆ, ಗೋಡೆ ಕಡೆ ಹೊರಳಿದಳು. ನಾಲ್ಕೂವರೆಗೆ ಉಸಿರು ನಿಂತಿತು. ಪಾಸ್ಟರು ಬಂದಾಗ ಐದೂಕಾಲು.

ಅಮ್ಮ ಕೇಳಿದರೂ ನರ್ಸಮ್ಮ ಭೋಜನ ತರಲೇ ಇಲ್ಲವಂತೆ ಅಂತ ಮಣ್ಣು ಮಾಡುವ ದಿನ ಯಾರೋ ಅಂದರು. ನಾನು ತಲೆ ಬಗ್ಗಿಸಿದೆ. ದುಃಖಕ್ಕೆ ಅಂದುಕೊಂಡರು. ಮಾತು ಬಾಯಿಂದ ಬಾಯಿಗೆ ಹೋಗಿ ಸಮುದ್ರ ದಾಟಿ ನಿನ್ನನ್ನೂ ಮುಟ್ಟಿತು. ನರ್ಸಮ್ಮ ಇವತ್ತಿನವರೆಗೂ ಯಾರ ಮುಂದೆಯೂ ನನ್ನ ಹೆಸರೆತ್ತಿಲ್ಲ. ಮೊನ್ನೆ ಪಾಸ್ಟರಿಗೆ ಎಲ್ಲ ಹೇಳಿದೆ. "ಆಗಿದ್ದು ಆಗೋಯ್ತು, ಹೊರಗೆ ಹೇಳ್ಬೇಡಿ, ನಮ್ಮೋರ ಮರ್ಯಾದೆ ಹೋಗುತ್ತೆ" ಅಂದರು. ಆ ಮರ್ಯಾದೆಗಾಗಿಯೇ ನಾನು ಅಮ್ಮನನ್ನು ಬಾಯಾರಿಸಿ ಕಳಿಸಿದ್ದು. ನನಗೆ ನನ್ನ ಮೇಲೆ ಅಸಹ್ಯವಾಗುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಡಲಿನಲ್ಲಿ ಕರ್ತನು ನಿನ್ನನ್ನು ಕಾಯಲಿ. ಆಶೀರ್ವಾದ ಅಂತ ಬರೆಯುವ ಯೋಗ್ಯತೆ ನನಗಿಲ್ಲ.

ನಿನ್ನ ಅಣ್ಣ

ತಾ.ಕ.: ಪತ್ರ ಅಂಟಿಸದೆ ಮೊದಲು ನರ್ಸಮ್ಮನಿಗೇ ಓದಲು ಕೊಟ್ಟೆ. ಅವರ ಮುಂದೆ ಮಂಡಿಯೂರಿದೆ. ಎರಡು ಸಲ ಓದಿ, "ಏಳಿ. ನನಗೆ ಮಾಡಿದ್ದನ್ನ ಕ್ಷಮಿಸಿದೀನಿ. ಅಮ್ಮಂಗೆ ಮಾಡಿದ್ದನ್ನ ಕ್ಷಮಿಸೋಕೆ ನಾನ್ಯಾರು? ನಿಮ್ಮ ತಮ್ಮನ್ನ ಕೇಳಿ" ಅಂದರು. ನಾಳೆ ಎಂಟಕ್ಕೂ ಹನ್ನೊಂದಕ್ಕೂ ಎದ್ದು ನಿಂತು ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ಎರಡೂ ಕಡೆಯವರು ನನ್ನನ್ನು ಹೊರಗೆ ಕಳಿಸಿದರೂ ಸರಿಯೇ. ತಮ್ಮಾ, ನಿನ್ನನ್ನು ಕೇಳುತ್ತಿದ್ದೇನೆ. ಆದರೆ ಮೊದಲು ನರ್ಸಮ್ಮನಿಗೆ ಕ್ಷಮೆ ಕೇಳಿ ಬರೆ. ನನಗೆ ಆಮೇಲೆ, ಮನಸ್ಸಾದರೆ.