ಬೇಗೂರಿಗೆ ಹೋದ ಜೀಪು

೬ ಜುಲೈ ೧೯೬೧, ಗುರುವಾರ

ಇವತ್ತೂ ಅದೇ ಕಥೆ. ಜಯನಗರದಿಂದ ಬನಶಂಕರಿ ಗುಡಿಯವರೆಗೆ ಬಸ್ಸು, ಅಲ್ಲಿಂದ ಉತ್ತರಹಳ್ಳಿಗೆ ನಡಿಗೆ. ಚಪ್ಪಲಿಯ ತುಂಬ ಕೆಸರು. ಹಳ್ಳಿಯ ಹೆಂಗಸರ ಮನಸ್ಸು ಹಗುರವಾಗಲೆಂದು ನಮ್ಮ ಮಹಿಳಾ ಸಮಾಜ ತೆರೆದ ಕೇಂದ್ರ — ಒಂದು ಜಮಖಾನ, ಒಂದು ಹಾರ್ಮೋನಿಯಂ, ನಾನು. ಬಂದವರು ಮುನಿವೆಂಕಟಮ್ಮ ಒಬ್ಬರೇ. ಬಂದವರೇ ಮಲಗಿ ಗೊರಕೆ ಹೊಡೆದರು. ಎದ್ದ ಮೇಲೆ ಕೇಳಿದೆ, ಬೇರೆಯವರೆಲ್ಲಿ?

"ಎದುರಿಗೇ ಚಾವಡಿ ಐತಲ್ಲವ್ವ. ಮಾವಂದಿರು ಕುಂತಿರ್ತಾರೆ. ಅವ್ರ ಮುಂದೆ ಸೊಸೇರು ಬಂದು ಹಾಡು ಹೇಳಾಕಾಯ್ತದಾ?"

ಇಷ್ಟು ದಿನ ಹೇಳಬಾರದಿತ್ತೆ!

೧೦ ಜುಲೈ

ಕಮಿಟಿ ಮೀಟಿಂಗ್. ಜಾಗ ಬದಲಿಸೋಣ ಅಂದೆ. ಅಧ್ಯಕ್ಷೆ ಅಮ್ಮಣ್ಣಿಯವರು ಕೇಳಿದರೆ ತಾನೆ?

"ಬೋರ್ಡ್ ಬರೆಸಿ ಆಗಿದೆ ಕಾತ್ಯಾಯಿನಿ. ಬೇಕಾದ್ರೆ ಒಂದು ಪರದೆ ಕಟ್ಟಿಸೋಣ."

ಆಮೇಲೆ ಪರದೆಯ ಬಣ್ಣದ ಬಗ್ಗೆ ಚರ್ಚೆ. ಕಾಫಿ ಆರುವವರೆಗೆ. ತಲೆ ಸಿಡಿಯುತ್ತಿದೆ.

೧೩ ಜುಲೈ

ಕೇಂದ್ರದ ಬೀಗ ತೆಗೆಯಲೇ ಇಲ್ಲ. ನೇರ ಮುನಿವೆಂಕಟಮ್ಮನ ಹಿತ್ತಿಲಿಗೆ. ಹುಲ್ಲಿನ ಮೆದೆಗೆ ಒರಗಿ ಸೊಸೆ ಸೊಣ್ಣಮ್ಮ. ಯುಗಾದಿ ಆದ ಮೇಲೆ ಚೊಚ್ಚಲ ಮಗು ಹುಟ್ಟಿ, ಉಳಿಯಲಿಲ್ಲವಂತೆ. ಅಂದಿನಿಂದ ಮಾತಿಲ್ಲ. ಏನೇನೋ ಕೇಳಿದೆ. ಹುಲ್ಲನ್ನು ಎಳೆ ಎಳೆಯಾಗಿ ಹಿರಿಯುತ್ತಲೇ ಇದ್ದಳು. ಸುಮ್ಮನೆ ಪಕ್ಕದಲ್ಲಿ ಕೂತೆ. ಹೊರಟಾಗ ತಲೆ ಎತ್ತದೆ ಕೇಳಿದಳು — "ಬೇಗೂರಿಗೆ ಬಸ್ಸು ಹೋಯ್ತದಾ?"

ತವರು ಬೇಗೂರು. ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. "ಕಳಿಸಿದ್ರೆ ವಾಪಸ್ ಬರಾಕಿಲ್ಲ ಅಂತ ಭಯ ಕಣವ್ವ. ಇಲ್ಲೇ ಇಟ್ಕಂಡ್ರೆ ಬಾವಿ ಭಯ. ರಾತ್ರಿಯೆಲ್ಲಾ ಎದ್ದು ಕಾಯ್ತೀನಿ."

ಜಮಖಾನದ ಮೇಲಿನ ಗೊರಕೆಗೆ ಎಷ್ಟು ಬೈದುಕೊಂಡಿದ್ದೆ...

೩ ಆಗಸ್ಟ್, ಗುರುವಾರ

ಪರದೆಯ ಉದ್ಘಾಟನೆ! ಹೌದು, ಪರದೆಯದೇ. ಯಾರೋ ದೊಡ್ಡ ಮನುಷ್ಯರು ಮುಖ್ಯ ಅತಿಥಿ. ಅಮ್ಮಣ್ಣಿಯವರು ಜೀಪಿನಲ್ಲಿ ಕರೆತಂದರು. ಸೊಣ್ಣಮ್ಮನ ವಿಷಯ ಅವರಿಗೆ ನಾನೇ ಹೇಳಿದ್ದೆ. ಇಳಿದವರೇ ನನ್ನ ಕಿವಿಯಲ್ಲಿ — "ಆ ಮಗು ಕಳ್ಕೊಂಡ ಹುಡುಗೀನೇ ಹಾರ ಹಾಕ್ಲಿ. ಕೇಂದ್ರದಿಂದ ಚೇತರಿಸ್ಕೊಂಡ್ಳು ಅಂತ ಫೋಟೋ ಬರುತ್ತೆ."

ಸೊಣ್ಣಮ್ಮನ ಕೈಗೆ ಹಾರ ತುರುಕಿದರು. ಇನ್ನು ತಡೆಯಲಾಗಲಿಲ್ಲ. ಹಾರ ಕಿತ್ತು ಕುರ್ಚಿಯ ಮೇಲೆ ಎಸೆದೆ. ಅವಳ ಕೈ ಹಿಡಿದು ಜೀಪಿನ ಹತ್ತಿರ ಬಂದೆ.

"ಬೋರಣ್ಣ, ಬೇಗೂರಿಗೆ ನಡೀರಿ."

ಡ್ರೈವರ್ ಬೋರಣ್ಣ ಕಣ್ಣು ಕಣ್ಣು ಬಿಟ್ಟ. "ಅಮ್ಮಾವ್ರು?"

"ಸ್ವಾಗತ ಭಾಷಣ ಶುರುವಾಗಿದೆ. ಬೇಕಾದಷ್ಟು ಟೈಮಿದೆ."

ಮುನಿವೆಂಕಟಮ್ಮ ಓಡಿ ಬಂದರು. ತಡೆಯುತ್ತಾರೆ ಅಂದುಕೊಂಡೆ. ಸೀರೆ ಎತ್ತಿ ಕಟ್ಟಿ ಹಿಂದೆ ಹತ್ತಿದರು. "ನಾನೂ ಬತ್ತೀನಿ. ಬೀಗಿತ್ತಿ ತಾವ ನಾನೇ ಮಾತಾಡ್ಬೇಕು."

ಬೇಗೂರಿನಲ್ಲಿ ತಾಯಿ ಬಾಗಿಲಿಗೆ ಬಂದರು. ಸೊಣ್ಣಮ್ಮ ಅವರ ತೆಕ್ಕೆಗೆ ಬಿದ್ದು ಗಟ್ಟಿಯಾಗಿ ಅತ್ತಳು. ಇಷ್ಟು ದಿನದ ಅಳು. ಅತ್ತೆ ಜಗಲಿಯಲ್ಲಿ ಕೂತು, "ಬೇಕಾದಷ್ಟು ದಿನ ಇರ್ಲಿ ತಾಯಿ, ಉಳಿದ್ರೆ ಸಾಕು" ಅಂದು ತಾವೂ ಅತ್ತರು. ನಾನೂ ಬೋರಣ್ಣನೂ ಜೀಪಿನ ಚಕ್ರ ನೋಡುತ್ತ ನಿಂತೆವು.

೪ ಆಗಸ್ಟ್

ಅತಿಥಿಗಳು ಹುಲ್ಲಿನ ಗಾಡಿಯಲ್ಲಿ ವಾಪಸ್ಸಾದರಂತೆ. ಬೆಳಿಗ್ಗೆಯೇ ಅಮ್ಮಣ್ಣಿಯವರು ಮನೆಗೆ. "ಸಮಾಜದ ಮಾನ ಕಳೆದೆ. ರಾಜೀನಾಮೆ ಕೊಡು." ಕೊಟ್ಟೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ — "ಇನ್ನಾದ್ರೂ ಗುರುವಾರ ಬಿಸಿ ಊಟ ಸಿಗುತ್ತಲ್ಲ." ಇವರಿಗೇನು ಹೇಳುವುದು.

೧೮ ಆಗಸ್ಟ್, ಶ್ರಾವಣ ಶುಕ್ರವಾರ, ಬೆಳಿಗ್ಗೆ ೧೧

ಲೋಟ ಹುಡುಕುವ ನೆಪದಲ್ಲಿ ಕೋಣೆಗೆ ಬಂದು ಗೀಚುತ್ತಿದ್ದೇನೆ. ಹಜಾರದಲ್ಲಿ ಉತ್ತರಹಳ್ಳಿಯ ಎಂಟೊಂಬತ್ತು ಸೊಸೆಯರು! ಮುಂದಾಳು ಮುನಿವೆಂಕಟಮ್ಮ. "ಬನಶಂಕರಮ್ಮನ ಗುಡೀಗೆ ಅಂತ ಹೊಂಟ್ವಿ. ಹಂಗೇ ನಿಮ್ಮನೆ ಕೇಳ್ಕಂಡು ಬಂದ್ವಿ." ಜೊತೆಗೆ ಸೊಣ್ಣಮ್ಮ. ಮೊನ್ನೆ ಬೇಗೂರಿನಿಂದ ತಾನಾಗಿಯೇ ಬಂದಳಂತೆ. ನೇರ ಅಡುಗೆಮನೆಗೇ ನುಗ್ಗಿದ್ದಾಳೆ. ನಮ್ಮತ್ತೆ ಇದ್ದಿದ್ದರೆ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಸದ್ಯ.

ನಗೆ ಬೀದಿಗೆ ಕೇಳುತ್ತಿದೆ. ಪಕ್ಕದ ಮನೆಯವರು ಆಗಲೇ ಇಣುಕಿದರು. ಇರುವುದು ಅರ್ಧ ಸೇರು ಹಾಲು. ಹೇಳದೆ ಕೇಳದೆ ಹೀಗೆ ಬಂದರೆ ನಾನೇನು ಮಾಡಲಿ? ಸೊಣ್ಣಮ್ಮ ಕೂಗುತ್ತಿದ್ದಾಳೆ — "ಅಕ್ಕಾ, ಬೆಲ್ಲ ಎಲ್ಲಿಕ್ಕಿದ್ದೀರಾ? ಒಲೆ ಮ್ಯಾಲೆ ನೀರು ಕುದೀತಾ ಐತೆ, ಬೇಗ ಬನ್ರಿ!"

ಎಂಥ ಗಂಟಲು ಇವಳದು! ಬಂದೆ ಮಾರಾಯ್ತಿ, ಬಂ—